ಮೇಯರ್ ಇಲ್ಲದ ಊರಲ್ಲಿ ಮನೆ ತಗೊಳ್ಳುವ ಮುಂಚೆ

ಅಮೆರಿಕದ ಅನ್‌ಇನ್‌ಕಾರ್ಪೊರೇಟೆಡ್ (ಅಂದರೆ ಸ್ವಂತ ಪುರಸಭೆ ಇಲ್ಲದ) ಹಳ್ಳಿಯಲ್ಲಿ ಮನೆ ನೋಡಿದ್ದೀರಿ, ಅಲ್ಲಿ ಮೇಯರ್, ಕೌನ್ಸಿಲ್ ಯಾವುದೂ ಇಲ್ಲ, ಮತ್ತೆ ಯಾರು ಏನು ನೋಡಿಕೊಳ್ಳುತ್ತಾರೆ ಅಂತ ಕೇಳಿದ್ದೀರಿ ಅಲ್ವಾ? ಗಾಬರಿ ಬೇಡ. ಹೆಚ್ಚಿನ ಕಡೆ ಆ ಕೆಲಸ ಕೌಂಟಿಯದ್ದು, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ್ದು. ಸಿಟಿ ಪೊಲೀಸ್ ಬದಲು ಕೌಂಟಿಯ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್ ಕಡೆಯವರು ಬರುತ್ತಾರೆ, ದೂರ ಜಾಸ್ತಿ ಇದ್ದರೆ ಬರುವುದು ತಡ ಆಗುತ್ತದೆ. ಸಿಟಿ ತೆರಿಗೆ ಇರುವುದಿಲ್ಲ, ಕೌಂಟಿ ಮತ್ತು ಸ್ಕೂಲ್ ತೆರಿಗೆ ಕಟ್ಟಲೇಬೇಕು.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದ್ದು ನೀರಿನ ಬಗ್ಗೆ. ಸ್ವಂತ ಬೋರ್‌ವೆಲ್ ಇದ್ದರೆ ಕೇಂದ್ರ ಸರ್ಕಾರದ ಕುಡಿಯುವ ನೀರಿನ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ, ಪರೀಕ್ಷೆ ಮಾಡಿಸುವ ಹೊಣೆ ಪೂರ್ತಿ ನಿಮ್ಮದೇ. ಕೋಲಿಫಾರ್ಮ್ ಬ್ಯಾಕ್ಟೀರಿಯಾ (ನೀರಿಗೆ ಕೊಳಕು ಸೇರಿರಬಹುದು ಅನ್ನುವುದರ ಸೂಚನೆ), ನೈಟ್ರೇಟ್ (ಗೊಬ್ಬರ, ಕೊಳಚೆಯಿಂದ ನೀರಿಗೆ ಸೇರುವ ರಾಸಾಯನಿಕ) ಇವೆರಡನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಮನೆ ನೋಡಲು ಹೋದಾಗ ಬಗ್ಗಿ ಬೋರ್‌ವೆಲ್ ಮುಚ್ಚಳ ನೋಡಿ, ಬಿರುಕು ಬಿಟ್ಟಿದ್ದರೆ ಅಥವಾ ಮಳೆನೀರು ಅದರ ಬುಡದಲ್ಲೇ ನಿಲ್ಲುತ್ತಿದ್ದರೆ ಬಿಡಬೇಡಿ, ಕೇಳಿ. ಸೆಪ್ಟಿಕ್ ಟ್ಯಾಂಕ್ 3ರಿಂದ 5 ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಮಳೆ ಇಲ್ಲದಿದ್ದರೂ ಹಿತ್ತಲಿನ ಒಂದು ಜಾಗದಲ್ಲಿ ಮಾತ್ರ ಹುಲ್ಲು ಸೊಂಪಾಗಿ, ನೆಲ ಕೆಸರಾಗಿ ಇದ್ದರೆ ಅಲ್ಲೇ ಸೋರುತ್ತಿರಬಹುದು.

ಅಗ್ನಿಶಾಮಕ ದಳ ಬಹಳ ಕಡೆ ಊರಿನ ಸ್ವಯಂಸೇವಕರದ್ದು. ನಿದ್ದೆಯಿಂದ ಎದ್ದು ಓಡಿ ಬರುವ ಜನ ಅವರು, ದಯವಿಟ್ಟು ಅವರಿಗೆ ಕೈಲಾದ್ದು ಕೊಡಿ. ಸ್ಟೇಷನ್ ದೂರ ಇದ್ದರೆ ವಿಮೆ ದುಬಾರಿ ಆಗಬಹುದು, ಆದ್ದರಿಂದ ಸಹಿ ಹಾಕುವ ಮೊದಲೇ ವಿಮೆ ದರ ಕೇಳಿಬಿಡಿ. ಮನೆ ಮುಂದಿನ ರಸ್ತೆ ಕೌಂಟಿಯದ್ದಾ, ಖಾಸಗಿಯಾ ಅಂತಲೂ ಬರಹದಲ್ಲಿ ತಗೊಳ್ಳಿ. ಖಾಸಗಿ ಆದರೆ ಹಿಮ ತೆಗೆಸುವುದು, ಗುಂಡಿ ಮುಚ್ಚಿಸುವುದು ಎಲ್ಲ ಅಕ್ಕಪಕ್ಕದವರ ಜೊತೆ ಸೇರಿ ನೀವೇ ಮಾಡಬೇಕು.