ಸಾಲ ತೀರಿಸುವ ಹುಮ್ಮಸ್ಸು ಮೂರನೇ ತಿಂಗಳಿಗೇ ಯಾಕೆ ಇಳಿಯುತ್ತದೆ?

ಪ್ರಶ್ನೆ: ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಕೈಗೆ ಸಿಗುವ ಸಂಬಳ 38,000 ರೂ. ಕ್ರೆಡಿಟ್ ಕಾರ್ಡ್‌ನಲ್ಲಿ 86,000 ಬಾಕಿ ಇದೆ, ತಿಂಗಳಿಗೆ ಶೇ 3.5 ಬಡ್ಡಿ. ಮಿನಿಮಮ್ ಡ್ಯೂ (ಬಿಲ್‌ನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟುತ್ತಿದ್ದೇನೆ. ಪರ್ಸನಲ್ ಲೋನ್ 1,90,000 ಉಳಿದಿದೆ (ಶೇ 16, ಇಎಂಐ 7,400). ಬೈಕ್ ಸಾಲ 41,000 (ಶೇ 18, ಇಎಂಐ 3,100). ಪರಿಚಯದವರೊಬ್ಬರಿಂದ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ 50,000 ತಂದಿದ್ದೇನೆ. ಚಿಕ್ಕಪ್ಪ ಕೊಟ್ಟ ಬಡ್ಡಿಯಿಲ್ಲದ ಕೈಸಾಲ 40,000. ಮನೆಯಲ್ಲಿ ಹೆಂಡತಿಯ 25 ಗ್ರಾಂ ಒಡವೆ ಇದೆ, ಅದನ್ನು ಮುಟ್ಟಲು ಮನಸ್ಸಿಲ್ಲ. ಪ್ರತಿ ಸಲ ‘ಈ ವರ್ಷ ತೀರಿಸಿಯೇ ಬಿಡುತ್ತೇನೆ’ ಅಂದುಕೊಳ್ಳುತ್ತೇನೆ. ಎರಡು ತಿಂಗಳು ಹುಮ್ಮಸ್ಸು ಇರುತ್ತದೆ, ಆಮೇಲೆ ಕೈಚೆಲ್ಲುತ್ತೇನೆ. ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?
— ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಮನಸ್ಸು ದುರ್ಬಲವಾಗಿಲ್ಲ. ಕಟ್ಟಿದಷ್ಟೂ ಸಾಲ ಕರಗುತ್ತಿಲ್ಲ ಎಂದು ಅದಕ್ಕೆ ಗೊತ್ತಾಗಿದೆ, ಅದಕ್ಕೇ ಹಿಂಜರಿಯುತ್ತಿದೆ. ಮೊದಲು ಲೆಕ್ಕ ನೋಡೋಣ.

ಕಾರ್ಡ್‌ನ 86,000ಕ್ಕೆ ಶೇ 3.5ರಂತೆ ತಿಂಗಳ ಬಡ್ಡಿ 3,010. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 3,552. ಮಿನಿಮಮ್ ಡ್ಯೂ ಶೇ 5 ಎಂದರೆ ನೀವು ಕಟ್ಟುವುದು 4,300. ಅಸಲಿಗೆ ಹೋಗುವುದು ಬರೀ 748 ರೂಪಾಯಿ. ಅದೇ ಕಾರ್ಡ್‌ನಲ್ಲಿ ಒಂದು ಸಲ ದಿನಸಿ ತಂದರೆ ಅದೂ ಹೋಯಿತು. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೆ ಬಡ್ಡಿರಹಿತ ಅವಧಿ ಸಿಗುವುದಿಲ್ಲ, ಕಾರ್ಡ್ ಉಜ್ಜಿದ ದಿನದಿಂದಲೇ ಬಡ್ಡಿ ಶುರು.

ಪರ್ಸನಲ್ ಲೋನ್‌ನ ಈ ತಿಂಗಳ ಬಡ್ಡಿ ಸುಮಾರು 2,533, ಬೈಕ್‌ನದು 615, ಕೈಬಡ್ಡಿ 1,500. ಎಲ್ಲ ಸೇರಿ ತಿಂಗಳಿಗೆ 16,300 ಕಟ್ಟುತ್ತಿದ್ದೀರಿ, ಅದರಲ್ಲಿ 8,200 ಬಡ್ಡಿಗೇ ಹೋಗುತ್ತಿದೆ. ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36. 34 ತಿಂಗಳು ಕಟ್ಟುವಷ್ಟರಲ್ಲಿ ತಂದ 50,000ಕ್ಕಿಂತ ಹೆಚ್ಚು ಬಡ್ಡಿಯನ್ನೇ ಕೊಟ್ಟಿರುತ್ತೀರಿ, ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ಹುಮ್ಮಸ್ಸಿನ ಮಾತಿಗೆ ಮೊದಲು ಕಾರ್ಡ್, ಕೈಬಡ್ಡಿ ಈ ಎರಡು ತೂತು ಮುಚ್ಚಬೇಕು.

ಅದಕ್ಕಾಗಿಯೇ ಒಡವೆಯ ಮಾತು ಎತ್ತುತ್ತಿದ್ದೇವೆ. ಹೆಂಡತಿಗೆ ಈ ಲೆಕ್ಕವನ್ನು ಪೂರ್ತಿ ತೋರಿಸಿ, ಅವರು ಮನಸಾರೆ ಒಪ್ಪಿದರೆ ಮಾತ್ರ ಮುಂದುವರಿಯಿರಿ. ಒಡವೆ ಅವರದು. ಬ್ಯಾಂಕಿನಲ್ಲಿ ಚಿನ್ನದ ಸಾಲ ಶೇ 10ರ ಆಸುಪಾಸಿನಲ್ಲಿ ಸಿಕ್ಕಿತು ಎನ್ನಿ. ಕಾರ್ಡ್‌ನ 86,000, ಕೈಬಡ್ಡಿಯ 50,000, ಒಟ್ಟು 1,36,000ಕ್ಕೆ ತಿಂಗಳ ಬಡ್ಡಿ ಸುಮಾರು 1,133. ಈಗ ಇವೆರಡಕ್ಕೇ 5,052 ಹೋಗುತ್ತಿದೆ. ಅಡವಿಡುವಾಗ ಒಡವೆಯ ಕಲ್ಲು, ಕೂಲಿ ಲೆಕ್ಕಕ್ಕೆ ಬರುವುದಿಲ್ಲ, ಚಿನ್ನದ ನಿವ್ವಳ ತೂಕ ಮತ್ತು ಶುದ್ಧತೆಗೆ ಮಾತ್ರ ಬೆಲೆ. ಇನ್ನೊಂದು ವಿಷಯ ಮರೆಯಬೇಡಿ. ವರ್ಷದ ಕೊನೆಗೆ ಒಮ್ಮೆಲೇ ಕಟ್ಟುವ ಸ್ಕೀಮ್ ತೆಗೆದುಕೊಂಡರೆ ಹೆಚ್ಚಿನವರು ಬಡ್ಡಿಯಷ್ಟನ್ನೇ ಕಟ್ಟಿ ರಿನ್ಯೂ ಮಾಡಿಸುತ್ತಾರೆ, ಒಡವೆ ವರ್ಷಗಟ್ಟಲೆ ಲಾಕರ್‌ನಲ್ಲೇ ಉಳಿಯುತ್ತದೆ. ಕಂತಿನ ಸ್ಕೀಮ್ ಕೇಳಿ, ಇಲ್ಲವೇ ತಿಂಗಳು ತಿಂಗಳು ಅಸಲಿಗೆ ಕಟ್ಟಬಹುದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಬಾಕಿ ನಿಲ್ಲಿಸಿದರೆ ನೋಟಿಸ್ ಕೊಟ್ಟು ಹರಾಜು ಹಾಕುತ್ತಾರೆ ಎಂಬುದೂ ನೆನಪಿರಲಿ.

ಕೈಬಡ್ಡಿಯವರಿಗೆ ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ನೀವು ಸಹಿ ಹಾಕಿ ಕೊಟ್ಟ ಖಾಲಿ ಚೆಕ್, ಪ್ರೋನೋಟ್, ಬಾಂಡ್ ಪೇಪರ್ ವಾಪಸ್ ಪಡೆದೇ ಅಲ್ಲಿಂದ ಏಳಿ. ‘ಅಸಲು, ಬಡ್ಡಿ ಪೂರ್ತಿ ಸಂದಾಯವಾಗಿದೆ’ ಎಂದು ಬರೆಸಿ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಖಾಲಿ ಚೆಕ್ ಅವರ ಕೈಯಲ್ಲೇ ಉಳಿದು, ಮುಂದೆ ಬೌನ್ಸ್ ಕೇಸಿನ ತನಕ ಹೋಗುವುದು ಅಪರೂಪವೇನಲ್ಲ. ಕಾರ್ಡ್ ಬಾಕಿ ಪೂರ್ತಿ ಕಟ್ಟಿದ ಮೇಲೂ ಮುಂದಿನ ಬಿಲ್‌ನಲ್ಲಿ ಸ್ವಲ್ಪ ಬಡ್ಡಿ ಬರುತ್ತದೆ. ಅದು ಬಿಲ್ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ. ಅದನ್ನು ನೋಡಿ ಗಾಬರಿಯಾಗದೆ ಕಟ್ಟಿ ಮುಗಿಸಿ. ಕಾರ್ಡ್ ಮುಚ್ಚಿಸುವುದೇ ನಿಮಗೆ ಒಳ್ಳೆಯದು. ಅದು ಆಗದಿದ್ದರೆ ಆ್ಯಪ್‌ನಲ್ಲಿ ಆನ್‌ಲೈನ್ ಬಳಕೆ ಆಫ್ ಮಾಡಿ, ಮಿತಿಯನ್ನು 10,000ಕ್ಕೆ ಇಳಿಸಿ. ಸಾಲ ತೀರಿಸಿದ ಕಾರ್ಡ್‌ನಲ್ಲಿ ಮತ್ತೆ ಸಾಲ ಏರಿಸಿದರೆ ಚಿನ್ನದ ಸಾಲ ಒಂದು ಕಡೆ, ಕಾರ್ಡ್ ಸಾಲ ಇನ್ನೊಂದು ಕಡೆ ನಿಲ್ಲುತ್ತದೆ. ಈ ದಾರಿ ಹಿಡಿದವರು ಸೋಲುವುದು ಹೆಚ್ಚಾಗಿ ಇಲ್ಲೇ.

ಇನ್ನು ಮುಖ್ಯವಾದ ಮಾತು: 16,300 ಕಟ್ಟುವುದನ್ನು ಒಂದು ರೂಪಾಯಿಯೂ ಇಳಿಸಬೇಡಿ. ಪರ್ಸನಲ್ ಲೋನ್ ಮತ್ತು ಬೈಕ್ ಇಎಂಐ ಕಳೆದು ಉಳಿಯುವ 5,800 ಚಿನ್ನದ ಸಾಲಕ್ಕೆ ಹೋಗಲಿ. 15 ತಿಂಗಳಿಗೆ ಬೈಕ್ ಸಾಲ ಮುಗಿಯುತ್ತದೆ. ಅದರ 3,100 ಸೇರಿಸಿ ಚಿನ್ನಕ್ಕೆ 8,900 ಕಟ್ಟಿದರೆ 23ನೇ ತಿಂಗಳ ಹೊತ್ತಿಗೆ ಒಡವೆ ಮನೆಗೆ ಬರುತ್ತದೆ. ಆಗ ಪರ್ಸನಲ್ ಲೋನ್ ಉಳಿದಿರುವುದು ಸುಮಾರು 60,000. ಮುಂಗಡ ಕಟ್ಟಿದರೆ ದಂಡ ಇಲ್ಲವಾದರೆ ಪೂರ್ತಿ 16,300 ಅದಕ್ಕೇ ಹಾಕಿ, ನಾಲ್ಕು ತಿಂಗಳಿಗೆ ಮುಗಿಯುತ್ತದೆ. ದಂಡ ಇದ್ದರೆ ಇಎಂಐ ಅದರ ಪಾಡಿಗೆ ನಡೆಯಲಿ, ಉಳಿದದ್ದನ್ನು ಚಿಕ್ಕಪ್ಪನಿಗೆ ಕೊಡಿ. ಹೇಗೇ ಆದರೂ 30ರಿಂದ 32 ತಿಂಗಳಿಗೆ ಐದೂ ಸಾಲ ತೀರುತ್ತವೆ. ಚಿಕ್ಕಪ್ಪನಿಗೆ ಮುಖ ತಪ್ಪಿಸಿ ಓಡಾಡಬೇಡಿ. ‘ನಿಮ್ಮದು ಕೊನೆಗೆ ಕೊಡುತ್ತೇನೆ, ಇಂಥ ತಿಂಗಳು ಶುರು ಮಾಡುತ್ತೇನೆ’ ಎಂದು ಮನೆಗೆ ಹೋಗಿ ಹೇಳಿ ಬನ್ನಿ.

ಮೂರನೇ ತಿಂಗಳಿಗೆ ಯಾಕೆ ಮುರಿದು ಬೀಳುತ್ತದೆ? ಹಾಕಿಕೊಂಡ ಲೆಕ್ಕದಲ್ಲಿ ಸ್ಕೂಲ್ ಫೀಸು, ಬೈಕ್ ವಿಮೆ, ಗೌರಿ-ಗಣೇಶ ಹಬ್ಬ, ನೆಂಟರ ಮದುವೆಯ ಮುಯ್ಯಿ ಇವು ಇರುವುದೇ ಇಲ್ಲ. ಅವು ಬಂದ ತಿಂಗಳು ಮತ್ತೆ ಕೈ ಚಾಚಬೇಕಾಗುತ್ತದೆ. ಹಾಗೆ ಒಮ್ಮೆ ಚಾಚಿದರೆ ‘ನನ್ನಿಂದಾಗದು’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತೀರಿ. ವರ್ಷದ ಇಂಥ ಖರ್ಚುಗಳನ್ನೆಲ್ಲ ಪಟ್ಟಿ ಮಾಡಿ. 36,000 ಆದರೆ ತಿಂಗಳಿಗೆ 3,000 ಬೇರೆ ಖಾತೆಗೆ ಹಾಕಿ. ಆ ಖಾತೆಯನ್ನು ಯುಪಿಐಗೆ ಜೋಡಿಸಬೇಡಿ. ಸಾಧ್ಯವಾದರೆ ಮೊದಲೇ 10,000 ಅಲ್ಲಿ ಇಟ್ಟುಬಿಡಿ. ಬೋನಸ್ ಬಂದಾಗ ಮಾಡುವ ಮೊದಲ ಕೆಲಸ ಅದೇ ಆಗಲಿ. ಸಾಲ ಇರುವಾಗ ಉಳಿತಾಯವೇ ಎಂದು ಕೇಳಬೇಡಿ, ಮಗುವಿಗೆ ಜ್ವರ ಬಂದ ರಾತ್ರಿ ಕಾರ್ಡ್ ಕಡೆ ಕೈ ಹೋಗದಂತೆ ತಡೆಯುವುದು ಆ ದುಡ್ಡೇ.

ಕಣ್ಣಿಗೆ ಕಾಣುವ ಲೆಕ್ಕ ಒಂದು ಬೇಕು. ಚೌಕುಳಿ ಹಾಳೆಯಲ್ಲಿ 82 ಮನೆ ಗುರುತಿಸಿ, ಒಂದು ಮನೆಗೆ 5,000. ನಿಮ್ಮ ಒಟ್ಟು ಸಾಲ 4,07,000 ಅದರಲ್ಲಿ ಹಿಡಿಯುತ್ತದೆ. ಕಟ್ಟಿದ ಮೊತ್ತಕ್ಕೆ ಬಣ್ಣ ಹಚ್ಚಬೇಡಿ, ಅಸಲು ಇಳಿದಷ್ಟಕ್ಕೆ ಮಾತ್ರ ಹಚ್ಚಿ. ಪ್ರತಿ ತಿಂಗಳು ಸಂಬಳದ ಮಾರನೇ ದಿನ ಬ್ಯಾಂಕ್ ಆ್ಯಪ್‌ನಲ್ಲಿ ಬಾಕಿ ನೋಡಿ ಗಂಡ ಹೆಂಡತಿ ಒಟ್ಟಿಗೆ ಕೂತು ತುಂಬಿ. ಈಗಿನಂತೆ ಕಟ್ಟುತ್ತ ಹೋದರೆ, ಕಾರ್ಡ್ ಉಜ್ಜದಿದ್ದರೂ, ಮೊದಲ ತಿಂಗಳಲ್ಲಿ ಒಂದೂವರೆ ಮನೆಯಷ್ಟೇ ತುಂಬುತ್ತದೆ. ಹೊಸ ಏರ್ಪಾಡಿನಲ್ಲಿ ಎರಡೂವರೆ ಹತ್ತಿರ ತುಂಬುತ್ತದೆ. ಇಎಂಐ ದಿನಾಂಕಗಳನ್ನೂ ಸಂಬಳದ ಮರುದಿನಕ್ಕೆ ಬದಲಿಸಿಕೊಡಿ ಎಂದು ಸಾಲ ಕೊಟ್ಟವರನ್ನು ಕೇಳಿ. ಖಾತೆ ಖಾಲಿಯಾಗಿ ಕಂತು ಬೌನ್ಸ್ ಆದರೆ ನಿಮ್ಮ ಬ್ಯಾಂಕ್‌ಗೂ ಸಾಲದ ಕಂಪನಿಗೂ ಎರಡೂ ಕಡೆ ದಂಡ ತೆರಬೇಕಾಗುತ್ತದೆ.

ಚಿನ್ನ ಇಲ್ಲದವರು ಕಾರ್ಡ್ ಬಾಕಿಯನ್ನು ಇಎಂಐ ಮಾಡಿಕೊಡಿ ಎಂದು ಬ್ಯಾಂಕನ್ನು ಕೇಳಬಹುದು. ಬಡ್ಡಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಪ್ರೊಸೆಸಿಂಗ್ ಶುಲ್ಕ ಎಷ್ಟೆಂದು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಮೂರು ಮೈಕ್ರೋ ಫೈನಾನ್ಸ್‌ಗಳಲ್ಲಿ ಸಾಲ ಇದೆ. ಒಂದರ ಕಂತಿಗೆ ಇನ್ನೊಂದರಿಂದ ತಂದೆ. ಈಗ ರಾತ್ರಿ ಎಂಟು ಗಂಟೆಗೆ ಮನೆ ಮುಂದೆ ಬಂದು ಕೂರುತ್ತಾರೆ. ನಾಲ್ಕನೆಯವರು ಸಾಲ ಕೊಡುತ್ತೇವೆ ಎನ್ನುತ್ತಿದ್ದಾರೆ. ಬದುಕುವ ಆಸೆಯೇ ಹೋಗಿದೆ, ತೀರಿಸುವ ಹುಮ್ಮಸ್ಸು ಎಲ್ಲಿಂದ ಬರಬೇಕು?
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ತಂಗೀ, ಮೊದಲು ಇವತ್ತೇ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಮನೆಯಲ್ಲಿ ನಂಬಿಕೆಯಿರುವ ಒಬ್ಬರಿಗೆ ಇವತ್ತೇ ವಿಷಯ ಹೇಳಿ, ಅವರು ಜೊತೆಗಿರಲಿ. ಸಾಲ ಕಟ್ಟಲಾಗದಿರುವುದು ಅಪರಾಧವಲ್ಲ, ಅದಕ್ಕಾಗಿ ಯಾರೂ ನಿಮ್ಮನ್ನು ಜೈಲಿಗೆ ಹಾಕುವುದಿಲ್ಲ.

ನಾಲ್ಕನೇ ಸಾಲ ಬೇಡವೇ ಬೇಡ. ಅದರಿಂದ ಸಿಗುವುದು ಹೆಚ್ಚೆಂದರೆ ಎರಡು ಮೂರು ಕಂತಿನ ಉಸಿರು, ಆಮೇಲೆ ವಾರಕ್ಕೆ ನಾಲ್ಕು ಕಡೆ ಕಟ್ಟಬೇಕು.

ರಾತ್ರಿ ಬಂದು ಕೂರುವುದಕ್ಕೆ ನಿಯಮ ಅವಕಾಶ ಕೊಡುವುದಿಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಮೈಕ್ರೋ ಫೈನಾನ್ಸ್‌ಗೆ ಮಾಡಿದ ನಿಯಮದ ಪ್ರಕಾರ ವಸೂಲಿ ನಡೆಯಬೇಕಾದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಸಲ ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತೆಯೂ ಇಲ್ಲ. ಬೈಗುಳ, ಬೆದರಿಕೆ, ನೆಂಟರಿಷ್ಟರಿಗೆ ಕಾಟ ಕೊಡುವುದು ನಿಷಿದ್ಧ. ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗುವಂತೆ ಸಾಲ ಕೊಡಲೂಬಾರದು. ಕಿರುಕುಳ ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನೇ ಬಂದಿದೆ, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ಬಂದವರ ಹೆಸರು, ಸಮಯ, ಆಡಿದ ಮಾತನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ, ಸಾಧ್ಯವಾದರೆ ವಿಡಿಯೊ ಮಾಡಿ. ಮೊದಲು ಸಂಸ್ಥೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹೋಗಬಹುದು, ಖರ್ಚಿಲ್ಲ. ವಿವರಕ್ಕೆ 14448ಕ್ಕೆ ಕರೆ ಮಾಡಿ. ಬೆದರಿಕೆ ಇದ್ದರೆ ಇದಕ್ಕೆಲ್ಲ ಕಾಯಬೇಡಿ, ನೇರ ಪೊಲೀಸ್ ಠಾಣೆಗೆ ಹೋಗಿ.

ಜೊತೆಗೆ ಮೂರೂ ಕಡೆ ಪಾಸ್‌ಬುಕ್ ತೆಗೆದುಕೊಂಡು ಹೋಗಿ, ನಿಜವಾಗಿ ಎಷ್ಟು ಕಟ್ಟಲು ಸಾಧ್ಯ ಎಂದು ಬರವಣಿಗೆಯಲ್ಲಿ ಕೊಟ್ಟು ಕಂತಿನ ಅವಧಿ ಹೆಚ್ಚಿಸಲು ಕೇಳಿ. ಮೂರರಲ್ಲಿ ಅತಿ ಕಡಿಮೆ ಉಳಿದಿರುವ ಸಾಲ ಯಾವುದು ನೋಡಿ, ಕೈಗೆ ಬಂದ ಹೆಚ್ಚುವರಿ ದುಡ್ಡೆಲ್ಲ ಅದಕ್ಕೇ ಹಾಕಿ. ಲೆಕ್ಕದ ಪ್ರಕಾರ ಹೆಚ್ಚು ಬಡ್ಡಿಯದನ್ನು ಮೊದಲು ಮುಗಿಸುವುದು ಲಾಭ, ಒಪ್ಪುತ್ತೇವೆ. ಆದರೆ ನಿಮ್ಮ ಸ್ಥಿತಿಯಲ್ಲಿ ಬಾಗಿಲಿಗೆ ಬರುವವರಲ್ಲಿ ಒಬ್ಬರು ಕಡಿಮೆಯಾಗುವುದು ಅದಕ್ಕಿಂತ ದೊಡ್ಡ ಲಾಭ.

ಪ್ರಶ್ನೆ: ಕೆಲಸ ಹೋಗಿ ಆರು ತಿಂಗಳು ಪರ್ಸನಲ್ ಲೋನ್ ಕಟ್ಟಲಿಲ್ಲ. ‘ಅರ್ಧ ಕಟ್ಟಿ, ಸೆಟಲ್ ಮಾಡಿಬಿಡೋಣ’ ಎಂದು ಫೋನ್ ಬರುತ್ತಿದೆ. ಒಪ್ಪಬಹುದೇ?
— ಓದುಗ, ಬೆಂಗಳೂರು

ಉತ್ತರ: ಕೆಲಸ ಮತ್ತೆ ಸಿಕ್ಕಿದ್ದರೆ, ಅಥವಾ ಬೇಗ ಸಿಗುವ ಭರವಸೆ ಇದ್ದರೆ ಬೇಡ. ಕಂತು ಮರುಹೊಂದಿಸಲು ಕೇಳಿ. ಸೆಟಲ್ ಮಾಡಿದ ಸಾಲ ಕ್ರೆಡಿಟ್ ವರದಿಯಲ್ಲಿ ‘ಕ್ಲೋಸ್ಡ್’ ಎಂದಲ್ಲ, ‘ಸೆಟಲ್ಡ್’ ಎಂದೇ ದಾಖಲಾಗುತ್ತದೆ. ಮುಂದೆ ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ. ಬೇರೆ ದಾರಿಯೇ ಇಲ್ಲವಾದರೆ ಸೆಟಲ್‌ಮೆಂಟ್ ತಪ್ಪಲ್ಲ, ಆದರೆ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಮೊತ್ತ, ಕೊನೆಯ ದಿನಾಂಕ, ‘ಇದರ ನಂತರ ಬಾಕಿ ಇಲ್ಲ’ ಎಂಬ ಮಾತು ಇರುವ ಪತ್ರ ಕೈಗೆ ಬರುವವರೆಗೆ ಒಂದು ಪೈಸೆಯೂ ಹಾಕಬೇಡಿ. ದುಡ್ಡು ಸಾಲದ ಖಾತೆಗೇ ಹೋಗಬೇಕು, ಏಜೆಂಟರ ಯುಪಿಐಗೆ ಅಲ್ಲ. ಎರಡು ತಿಂಗಳ ನಂತರ ವರದಿ ತೆಗೆದು ನೋಡಿ. ಸಿಬಿಲ್ ಸೇರಿ ಕ್ರೆಡಿಟ್ ವರದಿ ತಯಾರಿಸುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು.

ಪ್ರಶ್ನೆ: ನನ್ನ ಯಜಮಾನರು ಸಾಲದ ಮಾತು ಎತ್ತಿದರೆ ಎದ್ದು ಹೋಗುತ್ತಾರೆ. ಎಷ್ಟು ಸಾಲ ಇದೆಯೆಂದೇ ನನಗೆ ಗೊತ್ತಿಲ್ಲ. ಅವರಲ್ಲಿ ಹುಮ್ಮಸ್ಸು ತುಂಬುವುದು ಹೇಗೆ?
— ಗೃಹಿಣಿ, ದಾವಣಗೆರೆ

ಉತ್ತರ: ‘ಎಷ್ಟು ಸಾಲ ಮಾಡಿದ್ದೀರಿ’ ಎಂದು ಕೇಳಿದರೆ ಅದು ವಿಚಾರಣೆಯಂತೆ ಕೇಳುತ್ತದೆ, ಯಾರಾದರೂ ಎದ್ದು ಹೋಗುತ್ತಾರೆ. ‘ಮುಂದಿನ ತಿಂಗಳು ಯಾವ ಯಾವ ಕಂತು, ಯಾವ ತಾರೀಖು, ನಾನು ಬರೆದುಕೊಳ್ಳುತ್ತೇನೆ’ ಎಂದು ಕೇಳಿ. ಮೊದಲ ದಿನ ತಾರೀಖು ಮತ್ತು ಕಂತಿನ ಮೊತ್ತ ಬರೆದರೆ ಸಾಕು, ಒಟ್ಟು ಕೂಡಿಸಲು ಹೋಗಬೇಡಿ. ಅಸಲು ಎಷ್ಟು ಉಳಿದಿದೆ ಎಂಬುದನ್ನು ವಾರ ಬಿಟ್ಟು ಸೇರಿಸಿ. ಯಾರಿಗಾದರೂ ಜಾಮೀನು ಹಾಕಿದ್ದಾರೆಯೇ ಎಂಬುದನ್ನೂ ಮೆಲ್ಲಗೆ ಕೇಳಿ, ಪಟ್ಟಿಯಿಂದ ಸಾಮಾನ್ಯವಾಗಿ ಬಿಟ್ಟುಹೋಗುವುದು ಅದೇ. ಮನೆ ಖರ್ಚಿನಲ್ಲಿ ನೀವು ಉಳಿಸಿದ 500 ಇದ್ದರೆ ಅವರ ಎದುರಿಗೇ ಒಂದು ಸಾಲಕ್ಕೆ ಕಟ್ಟಿ ರಸೀದಿಯನ್ನು ಅದೇ ಪುಸ್ತಕಕ್ಕೆ ಅಂಟಿಸಿ. ಜಗಳ ಆದ ದಿನ ಮಾತ್ರ ಆ ಪುಸ್ತಕ ತೆಗೆಯಬೇಡಿ.