‘ಲವ್ ಅಂದ್ರ ಬರೀ ನಾಟಕ ಅನಸ್ತೈತಿ, ನಾನೇನ್ ಕಲ್ಲಾ?’

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಂಗ 17 ವರ್ಷ, ಕುಕನೂರು ಕಡೆಯಿಂದ ದಿನಾ ಬಸ್ಸಿಗೆ ಬಂದು ಕೊಪ್ಪಳದಾಗ ಸೆಕೆಂಡ್ ಪಿಯುಸಿ ಸೈನ್ಸ್ ಓದಾಕತ್ತೀನಿ. ನಮ್ಮ ಕ್ಲಾಸಿನ ಹುಡುಗ್ಯಾರಿಗೆಲ್ಲ ಲವ್ ಹುಚ್ಚು. ಒಬ್ಬಾಕಿ ಹೋದ ವರ್ಷ ಗವಿಮಠದ ಜಾತ್ರ್ಯಾಗ ತನ್ನ ಹುಡುಗನ ಜೋಡಿ ಮಿರ್ಚಿ ತಿನ್ನೋ ಸೆಲ್ಫಿ ಸ್ಟೇಟಸ್ ಹಾಕಿದ್ಲು, ಯುಗಾದಿ ಬರೋದ್ರಾಗ ಬ್ಲಾಕ್, ಕ್ಲಾಸಿನ್ಯಾಗ ಕುಂತು ಅಳೋದು. ನಮ್ಮ ಅಕ್ಕ ಹಟ ಮಾಡಿ ಲವ್ ಮ್ಯಾರೇಜ್ ಆದ್ಲು, ಈಗ ಕೂಸು ಕಟ್ಕೊಂಡು ತವರಮನ್ಯಾಗ ಕುಂತಾಳ. ಇದೆಲ್ಲ ಮೆದುಳಿನ್ಯಾಗಿನ ಡೋಪಮೈನ್ ಅನ್ನೋ ರಾಸಾಯನಿಕದ ಆಟ, ನಾಟಕ ಅಂತ ನಾ ಅಂದ್ರ ಗೆಳತ್ಯಾರು ‘ಕಲ್ಲು’ ಅಂತ ಕರೀತಾರ. ನಂಗೇನರ ಪ್ರಾಬ್ಲಂ ಐತೇನ್ರಿ? ಬಸ್ಸಿನ್ಯಾಗ ಒಬ್ಬ ಡಿಗ್ರಿ ಹುಡುಗ ಬರ್ತಾನ, ಸಂಜಿಗೆ ಬಸ್‌ಸ್ಟ್ಯಾಂಡಿನ್ಯಾಗ ಕಿಟಕಿಯಿಂದ ಟವೆಲ್ ಒಗದು ನಂಗ ಸೀಟ್ ಹಿಡಿದು ತಾ ನಿಂತ ಬರ್ತಾನ, ಭಾಳ ಮಾತಾಡಂಗಿಲ್ಲ, ಒಮ್ಮೆ ಮಳ್ಯಾಗ ನನ್ನ ರೆಕಾರ್ಡ್ ಬುಕ್ ನೆನೀತೈತಿ ಅಂತ ತನ್ನ ಪುಸ್ತಕದ ಮ್ಯಾಲಿನ ಪ್ಲಾಸ್ಟಿಕ್ ಕವರ್ ತಗದು ಕೊಟ್ಟ, ಅವನ ಪುಸ್ತಕ ನೆಂದ್ವು. ಅಂವ ಪ್ರಪೋಸ್ ಮಾಡಿದ್ರ ಏನನ್ಲಿ?

ಉತ್ತರ: ನೋಡವಾ, ಪ್ರೀತಿ ನಾಟಕ ಅಂತ ಒಂದ ಸಾಲಿನ್ಯಾಗ ಮುಗಿಸಿ, ಆ ಹುಡುಗನ ವಿಷಯಕ್ಕ ಬಂದಾಗ ಮಾತ್ರ ಟವೆಲ್, ಮಳಿ, ಕವರ್ ಒಂದೂ ಬಿಡದಂಗ ಬರದಿ. ಕಲ್ಲು ಹಿಂಗ ಬರ್ಯಂಗಿಲ್ಲ. ಹಂಗ ನೋಡಿದ್ರ ಆ ಹುಡುಗ ಇರಲಿಲ್ಲ ಅಂದ್ರೂ ನಿಂಗೇನೂ ಪ್ರಾಬ್ಲಂ ಇಲ್ಲ, 17ಕ್ಕ ಎಲ್ಲಾರಿಗೂ ಲವ್ ಆಗಬೇಕಂತ ರೂಲ್ಸ್ ಇಲ್ಲ, ಕೆಲವ್ರಿಗೆ ತಡಾ ಆಗ್ತೈತಿ, ಕೆಲವ್ರ ಮನಸ್ಸು ಆ ಕಡೆ ಹೋಗಂಗೇ ಇಲ್ಲ.

ಡೋಪಮೈನ್ ಮಾತು ಖರೇನ. ಹೊಸದಾಗಿ ಯಾರರ ಮನಸ್ಸಿಗೆ ಬಂದ್ರ ಮೆದುಳಿನ್ಯಾಗ ಖುಷಿ ಕೊಡೋ ರಿವಾರ್ಡ್ ಸಿಸ್ಟಮ್ ಜೋರು ಕೆಲಸ ಮಾಡ್ತೈತಿ, ನಿದ್ದಿ ಬರಂಗಿಲ್ಲ, ಊಟ ಸೇರಂಗಿಲ್ಲ, ಮೊಬೈಲ್ ಟಣ್ ಅಂದ್ರ ಎದಿ ಹಾರ್ತೈತಿ. ಹಿಂದ ಮುಂದ ನೋಡಿ ಬ್ರೇಕ್ ಹಾಕೋ ಮೆದುಳಿನ ಮುಂಭಾಗ ಪೂರ್ತಿ ಬಲಿಯೋದು ಸುಮಾರು 25ರ ಹೊತ್ತಿಗೆ. ಆದ್ರ ಹಸಿವಿಗೂ ಗ್ರೆಲಿನ್ ಅಂತ ಹಾರ್ಮೋನ್ ಐತಿ, ಹಂಗಂತ ನಿಮ್ಮವ್ವ ಬಡದ ರೊಟ್ಟಿ ಸುಳ್ಳಾಗ್ತೈತೇನು? ಹಾರ್ಮೋನ್ ಹೇಳದ ವಿಷಯ ಅಂದ್ರ ಎದುರಿಗಿದ್ದ ಮನಷ್ಯಾ ಎಂಥಾಂವ ಅನ್ನೋದು. ಅದಕ್ಕ ದಿನಾ ನೋಡಬೇಕು, ಟೈಮ್ ಬೇಕು. ನಿನ್ನ ಗೆಳತಿ ಅತ್ತಳಲ್ಲ, ಅದು ನಾಟಕ ಅಲ್ಲ, ಖರೇನ ಸಂಕಟ, ಆಕಿನ್ನ ಚಾಷ್ಟಿ ಮಾಡಬ್ಯಾಡ.

ನಿನ್ನ ಪತ್ರದಾಗ ನಂಗ ಹೆಚ್ಚು ಕಾಡಿದ್ದು ಅಕ್ಕನ ಸುದ್ದಿ. ಆಕಿ ತವರಿಗೆ ಬಂದದ್ದಕ್ಕ ನೀ ಲವ್ ಮ್ಯಾಲೆ ತಪ್ಪು ಹಾಕಿದಿ. ಹಿರ್ಯಾರು ನೋಡಿ ಮಾಡಿದ ಮದುವ್ಯಾಗಿಂದನೂ ಹುಡುಗ್ಯಾರು ವಾಪಸ್ ಬರ್ತಾರ, ನಿಮ್ಮ ಓಣ್ಯಾಗನ ಒಬ್ಬಿಬ್ರು ಇರಬೇಕು, ಆಗ ಯಾರೂ ‘ಸಂಬಂಧ ನೋಡಿ ಮಾಡೋದ ಮೋಸ’ ಅನ್ನಂಗಿಲ್ಲ, ಹಣೇಬರ ಅಂತಾರ. ಕುಡಿತ, ಕೈಯಾಗ ರೊಕ್ಕ ಇಲ್ಲದ್ದು, ಬಾಣಂತನದಾಗ ಯಾರೂ ನೋಡದೇ ಇದ್ದದ್ದು, ಇವೆಲ್ಲ ಲವ್ವೋ ಅರೇಂಜೋ ಅಂತ ಕೇಳಿ ಬರಂಗಿಲ್ಲವಾ. ಅಕ್ಕ ಅದ ಮನ್ಯಾಗ ಅದಾಳ, ಆಕಿನ್ನ ಬಿಟ್ಟು ನನ್ನ ಕೇಳಿದಿ. ಕೂಸು ಮಲಗಿದ ಮ್ಯಾಲೆ ಮಗ್ಗಲಕ್ಕ ಕುಂತು ಕೇಳು: ಮೊದಲ ಅವನ್ಯಾಗ ಏನ್ ಕಂಡಿದ್ಯಕ್ಕಾ, ಏನೋ ಸರಿ ಇಲ್ಲ ಅಂತ ಯಾವಾಗ ಅನಸ್ತು, ಆಗ ಯಾರಿಗರ ಹೇಳಿದ್ದೇನು? ‘ನಾವು ಮೊದಲ ಹೇಳಿದ್ವಿ’ ಅಂತ ಮನಿಮಂದಿ ಸಾಕಷ್ಟು ಅಂದಿರ್ತಾರ, ನೀನರ ಅನ್ನಬ್ಯಾಡ.

ಇನ್ನ ಟವೆಲ್ ಒಗಿಯೋ ಹುಡುಗ. ತಾ ನಿಂತು ಸೀಟ್ ಕೊಡೋದು ಒಳ್ಳೇದ, ಆದ್ರ ಅಷ್ಟ ಸಾಲದು. ಒಂದಿನ ‘ಇವತ್ತ ಸೀಟ್ ಬ್ಯಾಡ, ಗೆಳತ್ಯಾರ ಜೋಡಿ ನಿಂತ ಬರ್ತೀನಿ’ ಅಂದು ನೋಡು. ‘ಆತು’ ಅಂತ ಸುಮ್ನಾದ್ರ ಛಲೋ. ಮೂತಿ ಉಬ್ಬಿಸಿದ್ರ, ಯಾರ ಜೋಡಿ ಮಾತಾಡಾಕತ್ತಿದ್ದಿ ಅಂತ ಲೆಕ್ಕ ಕೇಳಿದ್ರ, ಮುಂದ ಎಂದರ ಪಾಸ್‌ವರ್ಡ್ ಕೊಡು, ಲವ್ ಇದ್ರ ಫೋಟೋ ಕಳಿಸು ಅಂದ್ರ ಅಲ್ಲಿಗೇ ಬಂದ್ ಮಾಡು.

ಅಂವ ಡಿಗ್ರಿ ಅಂದಿ, ಅಂದ್ರ 18 ದಾಟಿರಬೇಕು. ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಯೋ 2012ರ ಪೋಕ್ಸೋ ಕಾಯ್ದೆ 18ರೊಳಗಿನವ್ರ ಒಪ್ಪಿಗಿನ್ನ ಒಪ್ಪಿಗಿ ಅಂತ ಲೆಕ್ಕಕ್ಕ ತಗೋಳಂಗಿಲ್ಲ, ಇಬ್ರೂ ಖುಷಿಲೆ ಇದ್ರೂ ದೈಹಿಕ ಸಂಬಂಧ ಆದ್ರ ಅವನ ಮ್ಯಾಲೆ ಕೇಸ್ ಆಗ್ತೈತಿ. ನೀ ಬರೀದಿರೋ ಹೆದರಿಕಿ ಇನ್ನೊಂದು ಐತಿ, ನಮ್ಮ ಕಡೆ ಹುಡುಗ್ಯಾರಿಗೆಲ್ಲ ಇರೋದ: ಬಸ್ಸಿನ ಸುದ್ದಿ ಮನಿಗೆ ಮುಟ್ಟಿದ್ರ ಕಾಲೇಜ್ ಬಿಡಿಸಿ ಗಂಡು ನೋಡ್ತಾರ. ಅದಕ್ಕ ಬ್ಯಾರೆಯವ್ರು ಉಪ್ಪು ಖಾರ ಹಚ್ಚಿ ಹೇಳೋಕಿಂತ ಮೊದಲ ನೀನ ಅಕ್ಕಗೋ ಅವ್ವಗೋ ಇದ್ದದ್ದು ಇದ್ದಂಗ ಹೇಳು. 18 ತುಂಬೋದ್ರೊಳಗ ಮದುವಿ ಮಾತು ಬಂದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡು, ಫೋಟೋ ಇಟ್ಕೊಂಡು ಯಾರರ ಹೆದರಿಸಿದ್ರ ಸೈಬರ್ ಕ್ರೈಂ ಸಹಾಯವಾಣಿ 1930, ಎರಡೂ ನಂಬರ್ ಬರದಿಟ್ಕೋ.

ಪ್ರಪೋಸ್ ಮಾಡಿದ್ರ ‘ಹೂಂ’ ಇಲ್ಲಾ ‘ಒಲ್ಲೆ’ ಎರಡರಾಗ ಒಂದು ಹೇಳಬೇಕಂತ ಏನಿಲ್ಲ. ‘ಪರೀಕ್ಷೆ ಮುಗಿಯೋತನ ಈ ಮಾತ ತಗೀಬ್ಯಾಡ’ ಅನ್ನು. ಸುಮ್ನಿದ್ದ ಅಂದ್ರ ಏಪ್ರಿಲ್‌ನ್ಯಾಗ ನಂಗ ಇನ್ನೊಂದು ಪತ್ರ ಬರಿ, ಸುಮ್ನಿರಲಿಲ್ಲ ಅಂದ್ರ ಅದಕ್ಕಿಂತ ಮೊದಲ ಬರಿ.