ವೈರಸ್ ಸೋಂಕಿಗೂ ಕ್ಯಾನ್ಸರ್ ಕೋಶದ ಸಕ್ಕರೆ ಹಸಿವಿಗೂ ಏನು ಸಂಬಂಧ?

ಸಿದ್ದಾಪುರದ ಕಡೆ ಮಂಗನ ಕಾಯಿಲೆ ಬಂದು ಹುಷಾರಾದವರಿಗೆ ಮುಂದೆ ಕ್ಯಾನ್ಸರ್ ಬರುತ್ತಾ, ಸಕ್ಕರೆ ಬಿಡಬೇಕಾ ಅಂತ ಕೇಳಿದ್ದೀರಿ. ಆ ಭಯ ಬೇಡ. ಉಣುಗಿನಿಂದ ಬರುವ ಆ ವೈರಸ್ ಕ್ಯಾನ್ಸರ್ ತರುವ ಗುಂಪಿಗೆ ಸೇರಿದ್ದಲ್ಲ. ಆ ಗುಂಪಿನಲ್ಲಿರುವುದು ಗರ್ಭಕಂಠದ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ, ಲಿವರ್ ಕ್ಯಾನ್ಸರ್ ತರಬಲ್ಲ ಹೆಪಟೈಟಿಸ್ ಬಿ ಥರದ ವೈರಸ್‌ಗಳು. ಇವು ವರ್ಷಗಟ್ಟಲೆ ಮೈಯಲ್ಲೇ ಉಳಿಯಬಲ್ಲವು.

ವೈರಸ್‌ಗೆ ಸ್ವಂತ ಅಡುಗೆಮನೆ ಇಲ್ಲ. ಸಂತಾನ ಬೆಳೆಸಲು ನಮ್ಮ ಜೀವಕೋಶದ ಒಲೆಯೇ ಬೇಕು. ಹಾಗಾಗಿ ಎಷ್ಟೋ ವೈರಸ್‌ಗಳು ಕೋಶ ಜಾಸ್ತಿ ಗ್ಲೂಕೋಸ್ ಎಳೆದುಕೊಳ್ಳುವಂತೆ ಮಾಡುತ್ತವೆ. ಕ್ಯಾನ್ಸರ್ ಕೋಶವೂ ಹೀಗೇ. 1920ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್ಬರ್ಗ್ ಇದನ್ನು ಗುರುತಿಸಿದರು. ಆಮ್ಲಜನಕ ಇದ್ದರೂ ಗಡ್ಡೆಯ ಕೋಶ ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲ ಮಾಡಿ ಹೊರಹಾಕುತ್ತದೆ. ಒಂದು ಗ್ಲೂಕೋಸ್ ಅಣುವನ್ನು ಪೂರ್ತಿ ಉರಿಸಿದರೆ ಸುಮಾರು 30 ಎಟಿಪಿ (ಕೋಶ ಬಳಸುವ ಶಕ್ತಿಯ ಅಣು), ಹೀಗೆ ಮಾಡಿದರೆ ಬರೀ 2. ನಷ್ಟ ಅಲ್ವಾ? ಆದರೆ ಬೇಗಬೇಗ ಹೊಸ ಕೋಶ ಕಟ್ಟುವ ಸಾಮಾನು ಈ ದಾರಿಯಲ್ಲಿ ಸಿಗುತ್ತದೆ. ಎಚ್‌ಪಿವಿಯ ಇ6, ಇ7 ಪ್ರೋಟೀನ್‌ಗಳು ಕೋಶದ ಕಾವಲುಗಾರರಾದ ಪಿ53, ಆರ್‌ಬಿಯನ್ನು ಕೆಡವುತ್ತವೆ. ಆಮೇಲೆ ಕೋಶ ಇದೇ ದಾರಿ ಹಿಡಿಯುತ್ತದೆ.

ಗ್ಲೂಕೋಸ್‌ನಂಥ ವಸ್ತುವನ್ನು ಮೈಗೆ ಚುಚ್ಚಿ ತೆಗೆಯುವ ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆ ಹೊಳೆಯುವುದೂ ಈ ಹಸಿವಿನಿಂದಲೇ. ಕುಮಟಾದ ನಮ್ಮತ್ತೆ ಆ ಚುಕ್ಕೆ ನೋಡಿ ಕಷಾಯಕ್ಕೆ ಬೆಲ್ಲ ಹಾಕುವುದನ್ನೇ ಬಿಟ್ಟರು. ಆಮೇಲೆ ಅನ್ನವನ್ನೂ ಕಮ್ಮಿ ಮಾಡಿದರು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ನೋಡಿ ಸಂಕಟವಾಗಿತ್ತು. ಸುಮ್ನೆ ಉಪವಾಸ ಇದ್ದರೆ ಗಡ್ಡೆ ಸೊರಗುವುದಿಲ್ಲ, ರಕ್ತಕ್ಕೆ ಬೇಕಾದ ಗ್ಲೂಕೋಸನ್ನು ಲಿವರ್ ತಯಾರಿಸಿಯೇ ತಯಾರಿಸುತ್ತದೆ. ಡಾಕ್ಟರ್ ಬೇಡ ಅನ್ನದಿದ್ದರೆ ಹೊಟ್ಟೆತುಂಬ ಊಟ ಮಾಡಿಸಿ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಬಗ್ಗೆ ಈಗಲೇ ಕೇಳಿ.